ತೊಟ್ಟಣ್ಣನ ಮನೆಯ ಬೆಳಗಿನ ಗ್ಲಾಸು

ಹೋಟೆಲಿನವರೆಲ್ಲ ಅವನನ್ನು ತೊಟ್ಟಣ್ಣ ಎಂದು ಕರೆಯುತ್ತಿದ್ದರು. ಬಾರಿನ ಕೌಂಟರಿನ ಹಿಂದೆ ನಿಂತು ಏನು ಬೆರೆಸಿದರೂ ಕೊನೆಯಲ್ಲೊಂದು ಸಲ ತಡೆದು, ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, "ಇನ್ನೊಂದು ತೊಟ್ಟು" ಎಂದು ತನಗೆ ತಾನೇ ಹೇಳಿಕೊಂಡು ಬಿಟರ್ಸ್ ಎಂಬ ಕಹಿರಸದ ಪುಟ್ಟ ಬಾಟಲಿಯನ್ನು ಮತ್ತೊಮ್ಮೆ ಬಗ್ಗಿಸುವುದು ಅವನ ರೂಢಿ. ಗ್ಲಾಸು ತೊಳೆಯುವ ಕೆಲಸಕ್ಕೆ ಸೇರಿದವನು ನಿಧಾನಕ್ಕೆ ಕೌಂಟರಿಗೆ ಬಂದು ನಿಂತಿದ್ದ. ಓದು ಅಷ್ಟಕ್ಕಷ್ಟೇ, ಮಾತೂ ಕಡಿಮೆ. ಅವನಿಗೆ ಅನ್ನ ಹಾಕುತ್ತಿದ್ದದ್ದು ಅವನ ಮೂಗು. ಯಾವ ಗ್ಲಾಸು ಸರಿಯಾಗಿ ತೊಳೆದಿಲ್ಲ, ಯಾವ ಕಿತ್ತಳೆ ನಾಳೆಗೆ ಕೆಡುತ್ತದೆ, ಬಾಗಿಲು ತಳ್ಳಿಕೊಂಡು ಬಂದ ಗಿರಾಕಿ ಬೇರೆಲ್ಲೋ ಆಗಲೇ ಎಷ್ಟು ಏರಿಸಿ ಬಂದಿದ್ದಾನೆ, ಎಲ್ಲವೂ ಆ ಮೂಗಿಗೆ ತಿಳಿಯುತ್ತಿತ್ತು. ತಾನು ಮಾತ್ರ ಕುಡಿಯುವವನಲ್ಲ. ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡುವನು, ಅಲ್ಲಿಗೆ ಮುಗಿಯಿತು. ಮನೆಗೆ ಒಂದು ದಿನವೂ ಬಾಟಲಿ ತಂದವನಲ್ಲ.

ಅಂಥವನಿಗೆ ಒಂದು ಜ್ವರ ಬಂತು. ಊರಿಗೆಲ್ಲ ಬಂದು ಹೋಗುತ್ತಿದ್ದ ಜ್ವರವೇ. ನಾಲ್ಕಾರು ದಿನ ಹೊದ್ದು ಮಲಗಿದ, ಎದ್ದ. ಎದ್ದ ದಿನ ಹೆಂಡತಿ ಕೊಟ್ಟ ಟೀ ಕುಡಿದು, "ಟೀಪುಡಿ ಹಾಕೋದು ಮರೆತ್ಯೇನೇ?" ಎಂದು ಕೇಳಿದ.

"ಕಣ್ಣು ಬಿಟ್ಟು ನೋಡ್ರೀ, ಕಪ್ಪಗಿದೆ" ಎಂದಳು ಅವಳು.

ಲೋಟದೊಳಗೆ ಮೂಗು ಇಟ್ಟ. ಏನೂ ಇಲ್ಲ. ಎದ್ದು ಹೋಗಿ ಸೋಪು ಮೂಸಿದ, ಮೆಣಸಿನ ಡಬ್ಬಿ ಮೂಸಿದ, ಬಚ್ಚಲಿಗೆ ಹೋಗಿ ಫಿನಾಯಿಲಿನ ಮುಚ್ಚಳ ತೆಗೆದು ಹಿಡಿದ. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ನಾಲಿಗೆಗೆ ಸಿಹಿ, ಕಹಿ, ಉರಿ, ಇಷ್ಟು ಗೊತ್ತಾಗುತ್ತಿತ್ತು. ಉಳಿದದ್ದೆಲ್ಲ ಬರೀ ಗೋಡೆ. ಡಾಕ್ಟರು, "ಬರಬಹುದು, ಬರದೇನೂ ಇರಬಹುದು. ಕಾದು ನೋಡಿ" ಎಂದು ಕಳಿಸಿದರು.

ಹೋಟೆಲಿನಲ್ಲಿ ಅವನು ಬಾಯಿ ಬಿಡಲಿಲ್ಲ. ಮೂಗು ಸತ್ತ ಬಾರಿನವನನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಅಳತೆಯ ಬಟ್ಟಲು ಇದೆ, ಕೈಗೆ ಇಷ್ಟು ವರ್ಷದ ಅಭ್ಯಾಸ ಇದೆ, ಹೇಗೋ ತಳ್ಳಿಕೊಂಡು ಹೋದರಾಯಿತು ಎಂದುಕೊಂಡ. ಸ್ವಲ್ಪ ದಿನ ಹಾಗೇ ನಡೆಯಿತು ಕೂಡ. ಮೊದಲಿನಂತೆಯೇ ಗ್ಲಾಸನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದ, "ಇನ್ನೊಂದು ತೊಟ್ಟು" ಎನ್ನುತ್ತಿದ್ದ, ಹಾಕುತ್ತಿದ್ದ. ಅದು ಬೇಕಾಗಿತ್ತೋ ಇಲ್ಲವೋ ದೇವರಿಗೇ ಗೊತ್ತು. ವಾರಕ್ಕೊಮ್ಮೆ ಬರುವ ಹಲ್ಲಿನ ಡಾಕ್ಟರು ಒಂದು ಸಂಜೆ ಗ್ಲಾಸನ್ನು ಮೆಲ್ಲಗೆ ಅವನತ್ತ ಸರಿಸಿದರು.

"ತೊಟ್ಟಣ್ಣ, ಇದರಲ್ಲಿ ಸೋಪಿನ ವಾಸನೆ ಇದೆಯಲ್ಲಪ್ಪ."

"ಕ್ಷಮಿಸಿ ಸಾರ್, ಈಗಲೇ ಬೇರೆ ಕೊಡ್ತೀನಿ" ಎಂದು ನಕ್ಕು ಗ್ಲಾಸು ತೆಗೆದುಕೊಂಡ. ಸಿಂಕಿಗೆ ಸುರಿದು ಅದನ್ನು ಎರಡೆರಡು ಸಲ ತೊಳೆದ. ತಾನು ಹೊಸಬನಾಗಿದ್ದಾಗ ಇಂಥದ್ದಕ್ಕೇ ಒಬ್ಬನನ್ನು ಕೆಲಸದಿಂದ ತೆಗೆದದ್ದನ್ನು ಅವನು ನೋಡಿದ್ದ.

ಅದೇ ಸಮಯಕ್ಕೆ ಬಾರಿಗೆ ಹೊಸ ರೂಪ ಕೊಡುವ ಮಾತು ಬಂತು. ಹೊಸ ದೀಪ, ಹೊಸ ಕುರ್ಚಿ, ಹೊಸ ಕಂಪನಿಯ ವಿಸ್ಕಿ, ಹೊಸ ಮೆನು. ಮ್ಯಾನೇಜರ್ ಮೇಡಂ ಅವನನ್ನು ಆಫೀಸಿಗೆ ಕರೆಸಿದರು. ಒಳ್ಳೆಯ ಹೆಂಗಸು, ಆದರೆ ಅರ್ಧಂಬರ್ಧ ಕೆಲಸ ಕಂಡರೆ ಆಗದು.

"ಮೆನುವಿನ ಮೊದಲ ಸಾಲಲ್ಲಿ ಓಲ್ಡ್ ಫ್ಯಾಶನ್ಡ್ ಇರುತ್ತೆ. ಅದು ನಿಮ್ಮದೇ ಆಗಿರಬೇಕು. ಹೊಸ ವಿಸ್ಕಿಗೆ ತಕ್ಕ ಹಾಗೆ ಸಕ್ಕರೆ ಎಷ್ಟು, ಬಿಟರ್ಸ್ ಎಷ್ಟು, ನೀವೇ ಕೂಡಿಸಿ. ಮುಂದಿನ ತಿಂಗಳು ಮಾಲೀಕರು ಬಂದು ರುಚಿ ನೋಡ್ತಾರೆ."

"ಆಗ್ಲಿ ಮೇಡಂ" ಎಂದು ಬಂದುಬಿಟ್ಟ.  ಹಳೆಯ ವಿಸ್ಕಿಯಾಗಿದ್ದರೆ ನೆನಪಿನ ಮೇಲೆ ಬೆರೆಸಬಹುದಿತ್ತು. ಈ ಹೊಸದರ ಮುಖವನ್ನೇ ಅವನ ಮೂಗು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ವಿಸ್ಕಿಯದೊಂದು, ಬಿಟರ್ಸಿನದೊಂದು ಹೀಗೆ ಎರಡು ಬಾಟಲಿ ಕಂಡು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನ್ರೀ, ಅಂಗಡೀನ ಮನೆಗೇ ಎತ್ತಿಕೊಂಡು ಬಂದ್ರಾ?"

ಅವಳು ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದರಲ್ಲಿ ಎತ್ತಿದ ಕೈ. ಹಿಂದಿನ ಕೋಣೆಯಲ್ಲಿ ಮಿಷನ್ನು, ಇಸ್ತ್ರಿಯ ಮೇಜು, ಗೋಡೆಯುದ್ದಕ್ಕೂ ಹ್ಯಾಂಗರಿನಲ್ಲಿ ಊರವರ ಪ್ಯಾಂಟು, ಕೋಟು. ದಪ್ಪಗಾದವರಿಗೆ ಬಿಡಿಸಿ ಕೊಡುವಳು, ಸಣ್ಣಗಾದವರಿಗೆ ಹಿಡಿದು ಕೊಡುವಳು. ಯಾರ ಮನೆಯಲ್ಲಿ ಸುಖ ಹೆಚ್ಚಾಯಿತು, ಯಾರ ಮನೆಯಲ್ಲಿ ಚಿಂತೆ ಹೆಚ್ಚಾಯಿತು ಎಂದು ಸೊಂಟದ ಅಳತೆಯಲ್ಲೇ ಹೇಳಿಬಿಡುತ್ತೇನೆ ಎಂದು ನಗಾಡುತ್ತಿದ್ದಳು.

ಅವನು ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ, "ನೀನು ರುಚಿ ನೋಡಿ ಹೇಳ್ಬೇಕು" ಎಂದ.

"ನಾನಾ? ತಲೆ ಕೆಟ್ಟಿದೆಯಾ ನಿಮ್ಗೆ?"

"ನುಂಗ್ಬೇಡ. ಬಾಯಲ್ಲಿಟ್ಟುಕೊಂಡು ಉಗಿ, ಸಾಕು."

"ಉಗಿಯೋದಾದ್ರೆ ಸರಿ. ನಿಮ್ಮ ಮುಂದೆ ನಿಂತು ಉಗಿಯೋಕೆ ಇಷ್ಟು ವರ್ಷ ಒಂದು ನೆಪಾನೂ ಸಿಕ್ಕಿರ್ಲಿಲ್ಲ" ಎಂದಳು.

ಹೀಗೆ ಶುರುವಾಯಿತು. ಅವನು ಕೆಲಸಕ್ಕೆ ಹೊರಡುತ್ತಿದ್ದದ್ದು ಮಧ್ಯಾಹ್ನದ ಊಟ ಮುಗಿಸಿ. ಹಾಗಾಗಿ ಬೆಳಗಿನ ಹೊತ್ತೇ ಇವರ ಬಾರು. ಓಲ್ಡ್ ಫ್ಯಾಶನ್ಡ್ ಎಂಬ ಆ ಹಳೆಯ ಕಾಲದ ವಿಸ್ಕಿ ಪಾನೀಯ ಮಾಡುವುದು ಹೀಗೆ. ದಪ್ಪ ತಳದ ಗ್ಲಾಸಿಗೆ ಒಂದು ಚಮಚ ಸಕ್ಕರೆ, ಅದರ ಮೇಲೆ ಎರಡು ಮೂರು ತೊಟ್ಟು ಬಿಟರ್ಸ್, ಸಕ್ಕರೆ ನೆನೆಯುವಷ್ಟು ನೀರು. ಕರಗುವ ತನಕ ಚಮಚದ ಬೆನ್ನಿನಿಂದ ಅರೆಯಬೇಕು. ಆಮೇಲೆ ಅಳತೆಯ ವಿಸ್ಕಿ, ಆಮೇಲೆ ಐಸು. ಹೋಟೆಲಿನ ದೊಡ್ಡ ಐಸು ಮನೆಯಲ್ಲಿಲ್ಲದ್ದರಿಂದ ಊಟದ ಡಬ್ಬಿಯಲ್ಲಿ ನೀರು ತುಂಬಿ ಫ್ರಿಜ್ಜಿಗಿಟ್ಟು ಇಟ್ಟಿಗೆಯಂಥ ಗಡ್ಡೆ ಮಾಡಿ ಒಡೆದುಕೊಳ್ಳುತ್ತಿದ್ದ. ಉದ್ದ ಚಮಚದಲ್ಲಿ ಸದ್ದಿಲ್ಲದೆ ತಿರುಗಿಸಿ, ಕೊನೆಗೆ ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ಗ್ಲಾಸಿನ ಮೇಲೆ ಹಿಡಿದು ಹಿಂಡಿ, ಅದರ ಎಣ್ಣೆ ಸಣ್ಣಗೆ ಸಿಡಿದ ಮೇಲೆ ಒಳಗೆ ಬಿಡುವುದು. ಇಷ್ಟೇ. ಇದರಲ್ಲಿ ಬಚ್ಚಿಡಲು ಜಾಗವಿಲ್ಲ, ಒಂದು ಹೆಚ್ಚಾದರೂ ಬಯಲಾಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟ.

ಮೊದಲ ದಿನ ಅವಳು ಮುಖ ಸಿಂಡರಿಸಿ ಸಿಂಕಿಗೆ ಉಗಿದು, "ಥೂ, ಕುರ್ಚಿಗೆ ಹಚ್ಚೋ ಪಾಲಿಶ್ ಇದ್ದ ಹಾಗಿದೆ. ಇದಕ್ಕೆ ಜನ ದುಡ್ಡು ಕೊಡ್ತಾರಾ?" ಎಂದಳು. ಎರಡನೆಯ ದಿನವೂ ಪಾಲಿಶ್ಶೇ. ಅವನು ಸಿಟ್ಟಾಗಲಿಲ್ಲ. "ಪಾಲಿಶ್ ಆಮೇಲೆ ಏನು? ಮೊದಲು ಏನು ಬಂತು, ಆಮೇಲೆ ಏನು ಬಂತು, ಅದನ್ನ ಹೇಳು" ಎಂದು ಕೇಳುತ್ತ ಹೋದ. ಹಾಗೆ ಕೇಳುತ್ತ ಕೇಳುತ್ತ ಅವಳ ನಾಲಿಗೆಗೆ ಕಣ್ಣು ಬಂತು. ಮಾತು ಮಾತ್ರ ತನ್ನ ಕಸುಬಿನದೇ.

"ಇವತ್ತು ಹೊಲಿಗೆ ಕಾಣ್ತಿದೆ. ಸಕ್ಕರೆ ಒಂದು ಕಡೆ, ವಿಸ್ಕಿ ಒಂದು ಕಡೆ. ಎರಡೂ ಒಂದೇ ಬಟ್ಟೆ ಅನ್ನಿಸ್ಬೇಕಲ್ವಾ?"

"ಸರಿ, ಇನ್ನೂ ಸ್ವಲ್ಪ ಅರೀತೀನಿ. ಈಗ?"

"ಈಗ ಪರವಾಗಿಲ್ಲ. ಆದ್ರೆ ಕತ್ತಿನ ಹತ್ರ ಬಿಗಿ. ನುಂಗೋ ಜಾಗದಲ್ಲಿ ಹಿಡಿಯುತ್ತೆ."

ಅವನು ನಕ್ಕುಬಿಟ್ಟ. ಜ್ವರ ಬಿಟ್ಟ ಮೇಲೆ ಅವನು ಮನಸಾರೆ ನಕ್ಕದ್ದು ಅದೇ ಮೊದಲು.

ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಇವರಿಬ್ಬರೂ ಹೀಗೆ ಎದುರುಬದುರು ಕೂತು ಮಾತಾಡಿದ್ದು ಕಡಿಮೆ. ಮಕ್ಕಳಿರಲಿಲ್ಲ. ಊರಿಗೆಲ್ಲ ಸಂಜೆಯಾಗುವ ಹೊತ್ತಿಗೆ ಅವನು ಕೌಂಟರಿನ ಹಿಂದೆ. ಅವನು ಬರುವಾಗ ಅವಳು ನಿದ್ದೆಯಲ್ಲಿ, ಅವಳು ಏಳುವಾಗ ಅವನು ನಿದ್ದೆಯಲ್ಲಿ. ನಡುವೆ ಒಂದು ಊಟ, ಅದೂ ಅವಸರದ್ದು. ಈಗ ಬೆಳಿಗ್ಗೆ ಅವನು ಬೇಗ ಏಳತೊಡಗಿದ. ಅವಳು ಮಿಷನ್ನಿಗೆ ಕೂರುವ ಮೊದಲು ಕೈತೊಳೆದು ಕಟ್ಟೆಯ ಮುಂದೆ ಸ್ಟೂಲು ಎಳೆದುಕೊಂಡು, "ಹ್ಞೂಂ, ತನ್ನಿ" ಎಂದು ಕೂರತೊಡಗಿದಳು. ಏನನ್ನಿಸಿತು, ಹೇಗನ್ನಿಸಿತು ಎಂದು ಗಂಡ ತನ್ನ ಬಾಯನ್ನೇ ನೋಡುತ್ತ ಕಾಯುವುದು ಅವಳಿಗೆ ಹೊಸದು. ಒಂದು ಗುಟುಕಿನ ಮಾತು ಎಲ್ಲೆಲ್ಲಿಗೋ ಹೋಗಿ, ಅವಳ ಅಪ್ಪನ ಮರದ ಪೆಟ್ಟಿಗೆಯ ವಾಸನೆ, ಅವಳು ಹುಡುಗಿಯಾಗಿದ್ದಾಗ ಸಕ್ಕರೆ ಕಾಯಿಸಿ ಸೀಯಿಸಿದ ಪಾತ್ರೆ, ಎಲ್ಲ ಹೊರಗೆ ಬರುತ್ತಿತ್ತು. ಅವನು ಕೇಳುತ್ತ ಕೂರುತ್ತಿದ್ದ. ತನಗೆ ಏನೂ ತಿಳಿಯದೆ ಬರೀ ಸಂಕಟವಾಗುತ್ತದೆ ಎಂದು ತನ್ನ ನಾಲಿಗೆಗೆ ಹಚ್ಚಿ ನೋಡುವುದನ್ನು ಅವನು ಬಿಟ್ಟೇಬಿಟ್ಟ.

ಒಂದು ಬೆಳಿಗ್ಗೆ ಅವಳು, "ಉಗಿದ್ರೆ ಕೊನೇ ರುಚಿ ಗೊತ್ತಾಗಲ್ಲರೀ. ಗಂಟಲಿಗಿಳಿದ ಮೇಲೆ ಬರೋದು ಬೇರೇನೇ" ಎಂದಳು.

ಅದು ನಿಜ. ಕಸುಬಿನಲ್ಲಿ ಪಳಗಿದವರೂ ಹೇಳುವ ಮಾತೇ. "ಒಂದೇ ಗುಟುಕು ತಾನೇ, ನುಂಗು" ಎಂದ. ಹೀಗೆ ಹೇಳಿದ್ದು ತಾನೇ ಎಂಬುದನ್ನು ಅವನು ಆಮೇಲೆ ಬಹಳ ಸಲ ನೆನೆಸಿಕೊಂಡ.

ಅವನು ಹೊರಟುಹೋದ ಮೇಲಿನ ಮಧ್ಯಾಹ್ನಗಳು ಅವಳಿಗೆ ಮೊದಲೂ ಉದ್ದವೇ ಇದ್ದವು. ಈಗ ಬೆಳಗಿನ ಗಲಗಲ ಮುಗಿದ ಮೇಲೆ ಮತ್ತಷ್ಟು ಉದ್ದವಾದವು. ಒಂದು ದಿನ, ತನ್ನ ಕೈಗೂ ಬರುತ್ತದೋ ನೋಡೋಣ ಎಂದು ತಾನೇ ಒಂದು ಗ್ಲಾಸು ಬೆರೆಸಿದಳು. ಸಕ್ಕರೆ ಅರೆದಳು, ಸಿಪ್ಪೆ ಹಿಂಡಿದಳು, ಚೆನ್ನಾಗಿಯೇ ಬಂತು. ಚೆಲ್ಲಲು ಮನಸ್ಸಾಗಲಿಲ್ಲ. ಮಿಷನ್ನಿನ ಪಕ್ಕದಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿದಳು. ಬೆನ್ನು ನೋವು ಕಡಿಮೆಯಾದಂತೆನಿಸಿತು. ಕೋಣೆಯಲ್ಲಿ ಯಾರೋ ಜೊತೆಗಿದ್ದಾರೆ ಎನ್ನಿಸಿತು. ಮರುದಿನವೂ ಮಾಡಿದಳು. ವಾರ ಕಳೆಯುವುದರೊಳಗೆ ಸಿಪ್ಪೆಯ ಗೊಡವೆ ಬಿಟ್ಟಳು, ಆಮೇಲೆ ಸಕ್ಕರೆಯದು, ಆಮೇಲೆ ಐಸಿನದು. ಅಭ್ಯಾಸಕ್ಕೆಂದು ಗಂಡ ತರುತ್ತಿದ್ದ ಒಂದೊಂದು ಬಾಟಲಿಯೂ ಇಳಿದದ್ದು ಅವನ ಕಣ್ಣಿಗೆ ಬೀಳಬಾರದೆಂದು, ಆರಿಸಿದ ತೆಳು ಟೀ ಸೋಸಿ ಸುರಿದು ಮಟ್ಟ ಸರಿಮಾಡಿಟ್ಟಳು. ಬಣ್ಣ ಹೊಂದಿಸುವುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಇದರ ಫಲ ಬೆಳಗಿನ ಗ್ಲಾಸಿಗೆ ತಟ್ಟಿತು. "ಯಾಕೋ ಸಪ್ಪೆ. ನೀರಾಗಿದೆ" ಎನ್ನತೊಡಗಿದಳು. ನಾಲಿಗೆ ಹೇಳಿದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು, ಕಾರಣ ಮಾತ್ರ ಹೇಳುತ್ತಿರಲಿಲ್ಲ. ಹೊಸ ವಿಸ್ಕಿಯೇ ಇಷ್ಟು ಮೆದುವೇನೋ ಎಂದುಕೊಂಡು ಅವನು ವಿಸ್ಕಿ ಹೆಚ್ಚಿಸಿದ, ಐಸಿನಲ್ಲಿ ತಿರುಗಿಸುವುದನ್ನು ಕಡಿಮೆ ಮಾಡಿದ, ಸಕ್ಕರೆ ಇಳಿಸಿದ. "ಈಗ ಸರಿಹೋಯ್ತು" ಎಂದಳು. ಅವನು ಆ ಅಳತೆಯನ್ನು ಬಾಯಿಪಾಠ ಮಾಡಿಕೊಂಡ.

ಅವಳ ತಂಗಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಅಕ್ಕನನ್ನು ನೋಡಿಕೊಂಡು ಹೋಗಲು ಒಂದು ದಿನ ಬಂದವಳು, ಕೆಲಸಕ್ಕೆ ಹೊರಟಿದ್ದ ತೊಟ್ಟಣ್ಣನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಭಾವ, ಮನೇಲಿ ಕುಡಿಯೋಕೆ ಶುರು ಮಾಡಿದ್ದೀರಾ? ಒಳಗೆಲ್ಲ ಘಂ ಅಂತಿದೆ."

"ಅಯ್ಯೋ, ಅದು ಹೋಟೆಲಿನ ಪ್ರಾಕ್ಟೀಸಮ್ಮ. ಬೆಳಿಗ್ಗೆ ಒಂದು ಗ್ಲಾಸು ಮಾಡ್ತೀವಿ, ಅಷ್ಟೇ."

"ಬೆಳಗಿನದು ಇನ್ನೂ ನಾರುತ್ತಾ?" ಎಂದು ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಬಾಯಲ್ಲಿ ಲವಂಗ ಹಾಕಿಕೊಂಡು ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. ತೊಟ್ಟಣ್ಣನಿಗೆ ಏನೋ ಚುರಕ್ಕೆಂದಿತು. ಕೇಳಬಹುದಿತ್ತು. ತಡವಾಗುತ್ತಿದೆ ಎಂದು ಹೊರಟುಬಿಟ್ಟ.

ಮಾಲೀಕರು ಬಂದ ದಿನ ಬಾರಿನಲ್ಲಿ ಇನ್ನೂ ಬಣ್ಣದ ಡಬ್ಬಿಗಳಿದ್ದವು. ಮಾಲೀಕರು ಒಂದು ಹೊಸ ಕುರ್ಚಿಯಲ್ಲಿ, ಮೇಡಂ ಪಕ್ಕದಲ್ಲಿ. ತೊಟ್ಟಣ್ಣ ಬಿಳಿ ಅಂಗಿಯ ತೋಳು ಮಡಿಸಿ, ಹೊಸ ಬಾಟಲಿಯ ಸೀಲು ಒಡೆದು, ಬಾಯಿಪಾಠದ ಅಳತೆಯಲ್ಲಿ ಎರಡು ಗ್ಲಾಸು ಮಾಡಿ ಇಟ್ಟ. ಕೈ ಚೆನ್ನಾಗಿ ನಡೆಯಿತು. ಸಿಪ್ಪೆ ಹಿಂಡಿದ್ದನ್ನು ನೋಡಿ ಮಾಲೀಕರು, "ಕೈಚಳಕ ನೋಡೋಕೇ ಚಂದ" ಎಂದರು. ಆಮೇಲೆ ಒಂದು ಗುಟುಕು ತೆಗೆದುಕೊಂಡು ಕೆಮ್ಮಿದರು. ಇನ್ನೊಂದು ಗುಟುಕಿಗೆ ಗ್ಲಾಸು ಎತ್ತಲಿಲ್ಲ.

"ಗಂಟಲು ಸುಡುತ್ತಲ್ಲ" ಎಂದರು.

ಮೇಡಂ ತಮ್ಮ ಗ್ಲಾಸನ್ನು ತುಟಿಗಿಟ್ಟು ಕೆಳಗಿಟ್ಟರು. "ತೊಟ್ಟಣ್ಣ, ನೀವು ಇದನ್ನ ರುಚಿ ನೋಡಿದ್ದೀರಾ?"

"ನೋಡಿದ್ದೀನಿ ಮೇಡಂ. ಮನೇಲಿ, ದಿನಾ."

ಅವರು ಗ್ಲಾಸನ್ನು ಬದಿಗೆ ಸರಿಸಿ, "ನಾಳೆ ನಾಡಿದ್ದು ರಜೆ ತಗೊಳ್ಳಿ. ಬಂದ ಮೇಲೆ ಮಾತಾಡೋಣ" ಎಂದರು. ಆ ದನಿ ಮೆತ್ತಗಿದ್ದದ್ದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

ಅವನು ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಬಾಯಿಬಿಟ್ಟ. "ನಿನ್ನ ನಾಲಿಗೆ ನಂಬಿ ನಾನು ಮಣ್ಣು ತಿಂದೆ. ಜನ್ಮದಲ್ಲಿ ಇಂಥಾ ಅವಮಾನ ಆಗಿರ್ಲಿಲ್ಲ. ಸಪ್ಪೆಯಂತೆ, ನೀರಂತೆ! ಅವರ ಗಂಟಲು ಸುಟ್ಟುಹೋಯ್ತು. ಪ್ಯಾಂಟು ಹಿಡಿಯೋಳನ್ನ ಕೂರಿಸಿಕೊಂಡು ವಿಸ್ಕಿ ಕೇಳಿದ್ನಲ್ಲ, ನನ್ನ ಬುದ್ಧಿಗಿಷ್ಟು!"

ಬೇರೆ ದಿನವಾಗಿದ್ದರೆ ಅವಳು ಒಂದಕ್ಕೆ ಹತ್ತು ಆಡಿ ಅವನನ್ನು ಕೂರಿಸಿಬಿಡುತ್ತಿದ್ದಳು. ಅಂದು ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟು ಒಳಗೆ ಹೋದಳು.

ಮರುದಿನ ಕಟ್ಟೆಯ ಮುಂದೆ ಸ್ಟೂಲು ಎಳೆಯುವ ಸದ್ದು ಕೇಳಲಿಲ್ಲ. ಇಬ್ಬರೂ ಮುಖ ತಪ್ಪಿಸಿಕೊಂಡು ಓಡಾಡಿದರು. ಊಟವಾದ ಮೇಲೆ ಅವನು ಮುಂದಿನ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಆರಾಮ ಕುರ್ಚಿಯಲ್ಲಿ ಬಿದ್ದುಕೊಂಡ. ಹಿಂದಿನ ಕೋಣೆಯಲ್ಲಿ ಅವಳು ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಕೂತಳು. ಮೇಜಿನ ಮೇಲಿದ್ದದ್ದು ಕೊರಿಯರ್ ಆಫೀಸಿನ ಗುಮಾಸ್ತನ ಕೋಟು. ತೀರಿಕೊಂಡ ಅಪ್ಪನದು, ದಪ್ಪ ಉಣ್ಣೆಯದು. ತನ್ನ ತಂಗಿಯ ಮದುವೆಗೆ ಅದನ್ನೇ ಹಾಕಿಕೊಳ್ಳಬೇಕೆಂದು ಭುಜ ಹಿಡಿಸಲು ಕೊಟ್ಟಿದ್ದ. ಭುಜದ ಕೆಲಸ ಮುಗಿದು ಇಸ್ತ್ರಿಯೊಂದು ಬಾಕಿ. ಅವಳು ಗ್ಲಾಸು ತುಂಬಿಕೊಂಡಳು. ಮುಗಿದ ಮೇಲೆ ಇನ್ನೊಮ್ಮೆ ತುಂಬಿಕೊಂಡಳು. ಭಾರದ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಕೋಟಿನ ಬೆನ್ನ ಮೇಲಿಟ್ಟು, ಒಂದು ಗಳಿಗೆ ಎಂದು ಸ್ಟೂಲಿಗೆ ಕೂತು, ಗೋಡೆಗೆ ತಲೆಯಾನಿಸಿದಳು.

ಬಾಗಿಲು ಬಡಿಯುವ ಸದ್ದಿಗೆ ತೊಟ್ಟಣ್ಣ ಕಣ್ಣುಬಿಟ್ಟ. ಬಡಿಯುವುದೆಂದರೆ ಮುರಿಯುವ ಹಾಗೆ. ತೆರೆದರೆ ಮೇಲಿನ ಮನೆಯ ಮಾಸ್ತರು, ಶಾಲೆಯಲ್ಲಿ ಆಟ ಹೇಳಿಕೊಡುತ್ತಿದ್ದು ಈಗ ನಿವೃತ್ತರಾದವರು, ಬರಿಗಾಲಲ್ಲಿ, ಕೈಯಲ್ಲಿ ನೀರಿನ ಬಕೆಟ್ಟು.

"ಏನ್ರೀ ಸುಡ್ತಿದ್ದೀರಿ? ಮೇಲೆಲ್ಲ ಕೂದಲು ಸುಟ್ಟ ವಾಸನೆ!"

"ಏನೂ ಇಲ್ವಲ್ಲ ಸಾರ್..." ಎನ್ನುತ್ತಿದ್ದ ಹಾಗೇ ಅವರು ಅವನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ಹಿಂದಿನ ಕೋಣೆಯ ಬಾಗಿಲು ತೆಗೆದಾಗ ಹೊಗೆ ಮುಖಕ್ಕೆ ರಾಚಿತು. ಕೋಟಿನ ಬೆನ್ನಿನಿಂದ ಕಿಡಿ ಮೇಜಿನ ಹಾಸುಬಟ್ಟೆಗೆ ಹತ್ತಿ, ಅಂಚು ಕೆಂಪಗೆ ಕಾಯುತ್ತಿತ್ತು. ಅವಳು ಅಲ್ಲೇ ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದಳು. ಮಾಸ್ತರು ಪ್ಲಗ್ಗು ಕಿತ್ತು ನೀರು ಸುರಿದರು. ತೊಟ್ಟಣ್ಣ ಅವಳನ್ನು ಎರಡು ಕೈಯಲ್ಲಿ ಎತ್ತಿ ಎಳೆದುಕೊಂಡು ಬಂದು ಮುಂದಿನ ಕೋಣೆಯಲ್ಲಿ ಮಲಗಿಸಿದ. ಅವಳು ಕೆಮ್ಮಿದಳು, ಕಣ್ಣುಬಿಟ್ಟಳು, "ಇಸ್ತ್ರಿ..." ಎಂದಳು.

ಮಾಸ್ತರು ಉಸಿರು ಬಿಡುತ್ತ ಬಾಗಿಲಲ್ಲಿ ನಿಂತರು. "ಪಕ್ಕದ ಕೋಣೇಲೇ ಇದ್ರಿ. ವಾಸನೆ ಬರ್ಲಿಲ್ವೇನ್ರೀ ನಿಮ್ಗೆ?"

"ಇಲ್ಲ ಸಾರ್." ಅವನು ನೆಲ ನೋಡಿಕೊಂಡು ಹೇಳಿದ. "ನಂಗೆ ವಾಸನೇನೇ ಬರಲ್ಲ. ಜ್ವರ ಬಂದಾಗಿನಿಂದ."

ಮಾಸ್ತರು ಮಲಗಿದ್ದವಳ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ಮನೆಯವರದ್ದೂ ಗೊತ್ತಿಲ್ವೇನೋ. ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಕುಡಿದ ವಾಸನೆ ಬರುತ್ತೆ ಅಂತ ನಮ್ಮನೆಯವಳು ಹೇಳ್ತಿದ್ಲು. ನಿಮಗೆ ಗೊತ್ತಿದ್ದೂ ಸುಮ್ಮನಿದ್ದೀರಿ ಅಂದ್ಕೊಂಡಿದ್ವಿ" ಎಂದು ಖಾಲಿ ಬಕೆಟ್ಟು ಎತ್ತಿಕೊಂಡು ಹೋದರು.

ಗಿರಾಕಿಯ ಉಸಿರಿನಿಂದ ಅವನು ಎಷ್ಟು ಕುಡಿದಿದ್ದಾನೆ ಎಂದು ಹೇಳುತ್ತಿದ್ದವನು ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ ಕೂತ. ಅವಳ ಬಾಯ ಹತ್ತಿರ ಮುಖ ತಂದ. ಬೆಚ್ಚಗಿನ ಗಾಳಿ ಮಾತ್ರ ತಾಗಿತು.

"ಎಷ್ಟು ದಿನದಿಂದ?"

ಅವಳು ಮುಖ ಆಚೆ ತಿರುಗಿಸಿದಳು. "ಮೊದಲು ನೀವು ಹೊರಟ ಮೇಲೆ, ಆಮೇಲೆ ಹೊರಡೋ ಮೊದಲೂ. ದಿನಾ. ಬಾಟ್ಲಿಗೆ ಟೀ ಹಾಕಿದ್ದೆ. ನಿಮ್ಮ ಅಳತೆ ಕೆಟ್ಟಿದ್ದು ಅದಕ್ಕೇ, ನನ್ನ ನಾಲಿಗೆಯಿಂದ ಅಲ್ಲ."

ಅವನಿಗೆ ರೇಗಬೇಕಿತ್ತು. ರೇಗಲಿಲ್ಲ, ಅಲ್ಲೇ ನೆಲಕ್ಕೆ ಕೂತ. "ಯಾಕೇ ಹೀಗೆ ಮಾಡ್ದೆ? ನಂಗೊಂದು ಮಾತು ಹೇಳೋದಲ್ವಾ?"

"ಏನಂತ ಹೇಳ್ಲಿ? ಬೆಳಿಗ್ಗೆ ಗಂಟೆಗಟ್ಲೆ ಕೂತು ನನ್ನ ಮಾತು ಕೇಳ್ತೀರಿ. ಆಮೇಲೆ ಬೂಟು ಹಾಕ್ಕೊಂಡು ಹೋಗ್ತೀರಿ. ಈ ಅಳತೆ ಸರಿಹೋದ ದಿನ ಆ ಬೆಳಗೂ ಇರಲ್ಲ ಅಂತ ಗೊತ್ತಿತ್ತು ನಂಗೆ." ಅಂಗೈಯಿಂದ ಬಾಯಿ ಒರೆಸಿಕೊಂಡಳು. "ಮೊದಲು ಅದಕ್ಕೆ ಕುಡಿದೆ. ಈಗ ಅದಕ್ಕೂ ಅಲ್ಲ. ಬೇಕಾಗುತ್ತೆ, ಅಷ್ಟೇ. ಕೈ ನಡುಗುತ್ತೆ, ಸೂಜಿಗೆ ದಾರ ಹೋಗಲ್ಲ."

ಅವನು ಎದ್ದು ಹೋಗಿ ಉಳಿದಿದ್ದ ವಿಸ್ಕಿಯನ್ನೆಲ್ಲ ಸಿಂಕಿಗೆ ಸುರಿದ. ಅದು ವಿಸ್ಕಿಯೋ ಟೀಯೋ ಅವನಿಗೆ ತಿಳಿಯಲಿಲ್ಲ.

ಅವಳ ತಂಗಿಗೆ ಫೋನು ಮಾಡಿದ. ಅವಳು ಬಂದವಳೇ ಭಾವನನ್ನು ಬಾಯಿಗೆ ಬಂದ ಹಾಗೆ ಬೈದಳು, ಅಕ್ಕನನ್ನು ಅಪ್ಪಿಕೊಂಡು ಅತ್ತಳು, ಆಮೇಲೆ ಕಣ್ಣೊರಸಿಕೊಂಡು ನರ್ಸಾದಳು. "ಇದು ಒಮ್ಮೆಲೇ ಬಿಡಿಸಿ ಮನೇಲಿ ಕೂರಿಸೋ ವಿಷಯ ಅಲ್ಲ ಭಾವ. ಡಾಕ್ಟರ ಹತ್ರ ಹೋಗ್ಲೇಬೇಕು" ಎಂದು ತಾನೇ ಕರೆದುಕೊಂಡು ಹೋದಳು. ಕೆಲವು ದಿನ ಅಕ್ಕನ ಮಗ್ಗುಲಲ್ಲೇ ಮಲಗಿದಳು. ಬೆವರು, ನಡುಕ, ಸಿಡಿಮಿಡಿ, ಊಟ ಕಂಡರೆ ವಾಕರಿಕೆ. ತೊಟ್ಟಣ್ಣ ಬಟ್ಟೆ ಒಗೆದ, ಗಂಜಿ ಕಾಯಿಸಿದ. ಉಪ್ಪು ಹೆಚ್ಚಾಯಿತೇ ಎಂದು ಕೇಳಲು ಹೆದರಿ ಸುಮ್ಮನೆ ಮುಂದಿಟ್ಟ.

ಸುಟ್ಟ ಕೋಟನ್ನು ಏನು ಮಾಡುವುದು ಎಂದು ಅವನೂ ತಂಗಿಯೂ ಪಿಸುಗುಟ್ಟುತ್ತಿದ್ದರು. ಇಸ್ತ್ರಿಪೆಟ್ಟಿಗೆ ಕೆಟ್ಟಿತ್ತು ಎಂದುಬಿಡೋಣ ಎಂದು ಅವನ ಲೆಕ್ಕ. ಆದರೆ ಹಾಸಿಗೆಯಿಂದ ಎದ್ದು ಓಡಾಡುವಷ್ಟು ಶಕ್ತಿ ಬಂದ ದಿನ ಅವಳೇ ಕೋಟನ್ನು ಒಂದು ಕಾಗದದಲ್ಲಿ ಸುತ್ತಿಕೊಂಡು ಕೊರಿಯರ್ ಆಫೀಸಿಗೆ ಹೊರಟಳು. ಗಂಡ ಹಿಂದೆ ಹಿಂದೆ ಹೋದ.

ಗುಮಾಸ್ತ ಕೌಂಟರಿನಲ್ಲಿ ಪಾರ್ಸೆಲ್ ತೂಗುತ್ತಿದ್ದ. ಅವಳನ್ನು ಕಂಡು ಮುಖ ಅರಳಿಸಿ, "ಆಯ್ತಾ ಅಕ್ಕ? ನಾನೇ ಬರೋನಿದ್ದೆ" ಎಂದ.

"ಸುಟ್ಟುಹೋಯ್ತಪ್ಪ" ಎಂದಳು. "ಇಸ್ತ್ರಿ ಇಟ್ಟು ನಿದ್ದೆ ಹೋದೆ. ಕುಡಿದಿದ್ದೆ."

ಅವನು ಅರ್ಥವಾಗದವನಂತೆ ಒಮ್ಮೆ ಅವಳನ್ನೂ ಒಮ್ಮೆ ತೊಟ್ಟಣ್ಣನನ್ನೂ ನೋಡಿದ. ಕಾಗದ ಬಿಚ್ಚಿದ. ಬೆನ್ನಿನ ನಟ್ಟನಡುವೆ ತಲೆ ತೂರುವಷ್ಟು ಕಪ್ಪು ತೂತು. ತೋಳುಗಳು, ಕಾಲರು ಹಾಗೇ ಇದ್ದವು. ಅವಳು ಹಿಡಿಸಿದ್ದ ಭುಜವೂ ನೀಟಾಗಿತ್ತು. ಅವನು ಬೆರಳಿನಿಂದ ಆ ಭುಜವನ್ನು ಸವರಿದ.

"ಹೊಸದೊಂದು ಹೊಲಿದುಕೊಡ್ತೀನಿ. ಎಂಥಾ ಬಟ್ಟೆ ಬೇಕೋ ಹೇಳು" ಎಂದಳು.

"ಹೊಸದು ಅಂಗಡೀಲಿ ಸಿಗುತ್ತಲ್ಲಕ್ಕ" ಎಂದ. ಬೈಯಲಿಲ್ಲ. ಕೋಟನ್ನು ಮತ್ತೆ ಅದೇ ಕಾಗದದಲ್ಲಿ ಸುತ್ತಿ ಕೌಂಟರಿನ ಕೆಳಗಿಟ್ಟು, ಮುಂದಿನ ಗಿರಾಕಿಯ ಕಡೆ ಕೈಚಾಚಿದ. ಅವನು ಬೈದಿದ್ದರೆ ಆ ಬೈಗುಳವನ್ನು ಹೊತ್ತುಕೊಂಡು ಬರಬಹುದಿತ್ತು. ದಾರಿಯುದ್ದಕ್ಕೂ ಅವಳು ಅತ್ತಳು. ಆಮೇಲೆ ಗುಮಾಸ್ತ ಅವಳ ಹತ್ತಿರ ಬಟ್ಟೆ ತರಲಿಲ್ಲ. ಊರಲ್ಲಿ ಮಾತು ಹರಡಿತೋ ಏನೋ, ಇನ್ನೂ ಕೆಲವರು ತರುವುದನ್ನು ಬಿಟ್ಟರು.

ಹೆಂಡತಿ ಹಾಗೆ ನೇರ ನಿಂತು ಹೇಳಿದ್ದನ್ನು ಕಂಡ ಮೇಲೆ ತೊಟ್ಟಣ್ಣನಿಗೆ ಹೋಟೆಲಿನಲ್ಲಿ ಬೇರೆ ಮಾತಾಡಲು ಬಾಯಿ ಬರಲಿಲ್ಲ. ಮೇಡಂ ಎದುರು ಕೂತು, ಮೂಗು ಹೋದದ್ದು, ಮುಚ್ಚಿಟ್ಟದ್ದು, ಮನೆಯಲ್ಲಿ ಆದದ್ದು, ಎಲ್ಲವನ್ನೂ ಹೇಳಿದ.

"ಮೊದಲೇ ಹೇಳಿದ್ರೆ ಏನಾದ್ರೂ ದಾರಿ ನೋಡಬಹುದಿತ್ತಲ್ಲ?" ಎಂದರು ಅವರು.

"ತೆಗೆದುಬಿಡ್ತೀರಿ ಅಂದ್ಕೊಂಡೆ ಮೇಡಂ."

ಅವರು ಕೆಲಸದಿಂದ ತೆಗೆಯಲಿಲ್ಲ, ಆದರೆ ಕೌಂಟರು ಹೋಯಿತು. ಹಗಲು ಪಾಳಿಯಲ್ಲಿ ಸ್ಟೋರಿಗೆ ಹಾಕಿದರು. ಗ್ಲಾಸು, ತಟ್ಟೆ, ಮೇಜಿನ ಬಟ್ಟೆಗಳನ್ನು ನೋಡಿಕೊಳ್ಳುವ ಕೆಲಸ. ಬಾರಿಗೆ ಬೇರೆ ಕಡೆಯಿಂದ ಒಬ್ಬಳು ಬಂದಳು, ಚುರುಕಿನ ಹೆಂಗಸು. ಮೆನುವಿನ ಮೊದಲ ಸಾಲು ಅವಳದಾಯಿತು. ಹಲ್ಲಿನ ಡಾಕ್ಟರು ಒಂದು ದಿನ ಸ್ಟೋರಿನ ಬಾಗಿಲ ತನಕ ಬಂದು ಅವನ ಕೈ ಕುಲುಕಿ ಹೋದರು. ಅವನು ಸುಣ್ಣದ ಗೋಡೆಯ ಕಡೆ ತಿರುಗಿಕೊಂಡು ಬಹಳ ಹೊತ್ತು ಗ್ಲಾಸು ಒರೆಸಿದ. ಮೂಗು ಇನ್ನೂ ಬಂದಿಲ್ಲ. ಒಮ್ಮೊಮ್ಮೆ ಇಲ್ಲದ ಸುಟ್ಟ ವಾಸನೆ ಬಂದಂತಾಗಿ ಬೆಚ್ಚಿ ಮನೆಗೆ ಫೋನು ಮಾಡುತ್ತಾನೆ. "ಏನೂ ಇಲ್ಲರೀ, ಇಸ್ತ್ರಿ ಆರಿಸಿದ್ದೀನಿ" ಎಂದು ಅವಳು ಬೇಜಾರಿಲ್ಲದೆ ಹೇಳುತ್ತಾಳೆ.

ಅವಳು ನಡುವೆ ಒಂದು ಸಲ ಜಾರಿದಳು. ಅಂಗಡಿಯಿಂದ ತಾನೇ ತಂದು, ಕುಡಿದು, ಅವನು ಬರುವುದರೊಳಗೆ ತಂಗಿಗೆ ಫೋನು ಮಾಡಿ ಅದನ್ನು ತಾನೇ ಹೇಳಿದಳು. ಮತ್ತೆ ಡಾಕ್ಟರು, ಮತ್ತೆ ಮೊದಲಿನಿಂದ. ಆಗ ತೊಟ್ಟಣ್ಣ ಅವಳ ಜೊತೆ ಎರಡು ದಿನ ಮಾತು ಬಿಟ್ಟ, ಮೂರನೆಯ ದಿನ ತಾನೇ ಸೋತು ಮಾತಾಡಿಸಿದ. ನಂಬಿಕೆ ಎಂಬುದು ಇಬ್ಬರಿಗೂ ಇನ್ನೂ ಪೂರ್ತಿ ಬಂದಿಲ್ಲ. ಅವಳು ಲವಂಗ ಹಾಕಿಕೊಂಡರೆ ಅವನು ಅವಳ ಮುಖವನ್ನೇ ನೋಡತೊಡಗುತ್ತಾನೆ. ಅದು ಗೊತ್ತಾಗಿ ಅವಳು ಬಾಯಿ ತೆರೆದು ತೋರಿಸಿ, "ಮೂಸಿ ನೋಡಿ, ಏನು ತಿಳಿಯುತ್ತೋ!" ಎಂದು ಕುಟುಕುತ್ತಾಳೆ. ಆಮೇಲೆ ಇಬ್ಬರಿಗೂ ನಗು ಬರುತ್ತದೆ, ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

ಈಗ ಅವನು ಸಂಜೆ ಮನೆಯಲ್ಲಿರುತ್ತಾನೆ. ಮೊದಮೊದಲು ಆ ಹೊತ್ತಿನಲ್ಲಿ ಏನು ಮಾಡಬೇಕೆಂದೇ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಒಬ್ಬರಿಗೊಬ್ಬರು ಅಡ್ಡ ಬರುತ್ತಿದ್ದರು. ಒಂದು ದಿನ ಅವನು, "ಸುಮ್ಮನೆ ಬೀದಿ ಕೊನೆ ತನಕ ಹೋಗಿ ಬರೋಣ ಬಾ" ಎಂದ. ಅಂದಿನಿಂದ ದಿನಾ ಹೋಗುತ್ತಾರೆ. ಚಪ್ಪಲಿ ರಿಪೇರಿಯವನ ಪೆಟ್ಟಿಗೆ, ಔಷಧಿ ಅಂಗಡಿ, ಪಾರ್ಕಿನ ಕಬ್ಬಿಣದ ಗೇಟು, ಅಲ್ಲಿಂದ ವಾಪಸ್ಸು. ಬಹಳ ಮಾತೇನೂ ಇರುವುದಿಲ್ಲ. ಯಾರ ಕೋಟು ಭುಜದಲ್ಲಿ ಜಗ್ಗುತ್ತಿದೆ ಎಂದು ಅವಳು ತೋರಿಸುತ್ತಾಳೆ, ಅವನು ಹ್ಞೂಂ ಎನ್ನುತ್ತಾನೆ.

ಮೊನ್ನೆ ಹಾಗೇ ಹೋಗಿ ಬರುವಾಗ, ಮನೆಯ ಗೇಟಿನ ಹತ್ತಿರ ಅವಳು ನಿಂತುಬಿಟ್ಟಳು. ಚಿಲಕಕ್ಕೆ ಕೈ ಹಾಕಲಿಲ್ಲ.

"ಏನಾಯ್ತೇ?"

"ಬೇಕು ಅನ್ನಿಸ್ತಿದೆ ರೀ. ಈಗ. ಒಳಗೆ ಹೋಗೋಕೆ ಭಯ ಆಗ್ತಿದೆ."

ಅವನು ಅವಳ ಮೊಣಕೈ ಹಿಡಿದು ಮೆಲ್ಲಗೆ ತಿರುಗಿಸಿದ.

"ನಡಿ, ಇನ್ನೊಂದು ಸುತ್ತು ಹೋಗಿ ಬರೋಣ" ಎಂದ.

ಅವಳು ಕಾಲೆಳೆದುಕೊಂಡು ಹೊರಟಳು. ಔಷಧಿ ಅಂಗಡಿ ದಾಟುವಾಗ ಹೆಜ್ಜೆ ಸ್ವಲ್ಪ ಸಲೀಸಾಯಿತು.